ಮನೆಗೆ ಬೆನ್ನು ಹಾಕಿ ನಿಲ್ಲುವ ನಾದಿನಿ

ಗೃಹಪ್ರವೇಶಕ್ಕೆ ಹೋದವರು ಏನು ನೋಡುತ್ತಾರೆ? ಗ್ರಾನೈಟ್ ನೆಲ, ತೇಗದ ಬಾಗಿಲು, ಅಡುಗೆಮನೆಯ ಕಪಾಟು. ನನ್ನ ನಾದಿನಿ ಮಾತ್ರ ಗೇಟಿನೊಳಗೆ ಕಾಲಿಟ್ಟ ಕೂಡಲೇ ಮನೆಗೆ ಬೆನ್ನು ಹಾಕಿ ನಿಂತುಬಿಡುತ್ತಾಳೆ. ಕಾಂಪೌಂಡಿನ ಮೂಲೆ, ಚರಂಡಿಯ ಇಳಿಜಾರು, ಪಕ್ಕದ ಸೈಟಿನ ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎನ್ನುವುದು, ಇಷ್ಟು ನೋಡಲು ಅವಳಿಗೆ ಅರ್ಧ ಗಂಟೆ ಬೇಕು. ಒಳಗೆ ಎಲೆ ಹಾಕಿ ಕರೆದರೂ ಬರುವುದಿಲ್ಲ. ಮನೆಯಾಕೆ ಬಂದು ಮನೆ ಹೇಗಿದೆ ಎಂದು ಕೇಳಿದರೆ, ಇನ್ನೂ ನೋಡಿಲ್ಲ ಅಕ್ಕ ಎನ್ನುತ್ತಾಳೆ. ಅವಳ ಪರವಾಗಿ ಮನೆ ಹೊಗಳುವ ಕೆಲಸ ಅತ್ತಿಗೆಯಾದ ನನ್ನದು. ಹೊಗಳಿ ಹೊಗಳಿ ನನಗೀಗ ಟೈಲ್ಸ್ ಅಂಗಡಿ ಇಡುವಷ್ಟು ಅನುಭವ ಬಂದಿದೆ!

ನಮ್ಮ ಮಾವನವರದು ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ತೋಟ, ಜೊತೆಗೆ ರೇಷ್ಮೆ ಹುಳು ಸಾಕಣೆ. ನಾನು ಶಿಡ್ಲಘಟ್ಟದಲ್ಲಿ ಶಾಲಾ ಶಿಕ್ಷಕಿ. ಮಗಳಿಗೆ, ಅಂದರೆ ನನ್ನ ಈ ನಾದಿನಿಗೆ, ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಾಗ ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ಐದು ವರ್ಷ ಓದಿ ಬಂದವಳು, ತನಗೆ ಕಟ್ಟಡ ಬೇಡ, ಕಟ್ಟಡದ ಹೊರಗಿನದು ಬೇಕು, ಅದಕ್ಕೆ ಲ್ಯಾಂಡ್‌ಸ್ಕೇಪ್ ಅನ್ನುತ್ತಾರೆ, ಇನ್ನೂ ಎರಡು ವರ್ಷ ಓದಬೇಕು ಅಂದಳು. ಮಾವ ಕೈಲಿದ್ದ ಸೊಪ್ಪಿನ ಹೊರೆ ಕೆಳಗಿಟ್ಟರು.

"ಗಿಡ ನೆಡೋಕೆ ಎರಡು ವರ್ಷ ಓದ್ಬೇಕೇನಮ್ಮ? ನಾನು ಬುದ್ಧಿ ಬಂದಾಗಿಂದ ನೆಡ್ತಾನೇ ಇದ್ದೀನಿ. ನಂಗ್ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ."

"ಎಲ್ಲಿ ನೆಡಬಾರ್ದು ಅನ್ನೋದನ್ನೂ ಕಲಿಸ್ತಾರಪ್ಪ" ಅಂದಳು ಮಗಳು.

ಕಲಿತು ಬಂದಳು. ಬೆಂಗಳೂರಲ್ಲೇ ಯಾವುದಾದರೂ ದೊಡ್ಡ ಕಚೇರಿ ಸೇರುತ್ತಾಳೆಂದು ನಾವು ತಿಳಿದಿದ್ದೆವು. ಅವಳೋ ಶಿಡ್ಲಘಟ್ಟದಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಕೋಣೆ ಹಿಡಿದು, 'ಭೂದೃಶ್ಯ ವಿನ್ಯಾಸ' ಎಂದು ಬೋರ್ಡು ಹಾಕಿಸಿದಳು. ಆಗ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು. ನಮ್ಮ ಕಡೆಯೂ ಲೇಔಟುಗಳು ಏಳುತ್ತಿದ್ದವು. ಲೇಔಟು ಬಂದಮೇಲೆ ಪಾರ್ಕು ಬೇಕಲ್ಲ, ಪಾರ್ಕಿಗೆ ನಾನು ಬೇಕಲ್ಲ ಎನ್ನುವುದು ಅವಳ ಲೆಕ್ಕಾಚಾರ.

ಮೊದಲು ಬಂದವರು ಕೆಂಚಾರ್ಲಹಳ್ಳಿಯ ಹಿರಿಯ ರೈತರೊಬ್ಬರು. ಕಂಕುಳಲ್ಲಿ ಪಹಣಿಯ ಕಟ್ಟು. ಅಣ್ಣತಮ್ಮಂದಿರ ನಡುವೆ ಬದುವಿನ ಜಗಳ, ಜಮೀನು ಅಳೆದುಕೊಡಬೇಕಂತೆ. ತಾನು ಅಳೆಯುವವಳಲ್ಲ ಎಂದು ಇವಳು ಹೇಳಿದರೆ ಅವರಿಗೆ ನಂಬಿಕೆಯೇ ಇಲ್ಲ. "ಮತ್ತೆ ಭೂಮಿ ಅಂತ ಯಾಕಮ್ಮ ಬೋರ್ಡ್ ಹಾಕಿದ್ದೀಯ?" ಎಂದು ಕೇಳಿದರು. ಅವರ ನಂತರ ಬಂದವರು ತುಳಸಿಕಟ್ಟೆಗೆ ವಾಸ್ತು ಕೇಳಿದರು. ಮೂರನೆಯವರು ಕೆಳಗಿನ ಅಂಗಡಿಗೆ ಬಂದು, ಯೂರಿಯಾ ಮೇಲಿದೆ ಎಂದುಕೊಂಡು ಮೆಟ್ಟಿಲು ಹತ್ತಿದವರು.

ಕೊನೆಗೊಬ್ಬ ಲೇಔಟಿನ ಮಾಲೀಕರು ಬಂದರು. ನಾದಿನಿ ತಿಂಗಳುಗಟ್ಟಲೆ ಕೂತು ಪಾರ್ಕಿನ ನಕ್ಷೆ ಬರೆದಳು. ಆ ಬಣ್ಣದ ಚಿತ್ರ ಅವರ ಕರಪತ್ರದಲ್ಲಿ ಅಚ್ಚಾಯಿತು, ಸೈಟುಗಳೆಲ್ಲ ಮಾರಾಟವಾದವು. ಸಸಿ ನೆಡಲು ಹೋಗಿ ನೋಡಿದರೆ, ಪಾರ್ಕಿನ ಜಾಗದಲ್ಲೂ ಸೈಟಿನ ಕಲ್ಲು ನೆಟ್ಟಿದ್ದರು. ಗೌರಿಬಿದನೂರಿನ ಕಲ್ಯಾಣ ಮಂಟಪದವರು ಹುಲ್ಲುಹಾಸಿನ ಮೇಲೆ ಸಿಮೆಂಟಿನ ಹಂಸಗಳು ಬೇಕೆಂದರು. ಇವಳು ಹುಲ್ಲು ಕುಡಿಯುವ ನೀರಿನ ಬಗ್ಗೆ ಒಂದು ಗಂಟೆ ಪಾಠ ಮಾಡಿ ಹೊಂಗೆ, ಬೇವು ಹೇಳಿದಳು. ಅವರು ಕಾಫಿ ಕೊಟ್ಟು ಕಳಿಸಿದರು. ಹಂಸಗಳು ಬೇರೆಯವರಿಂದ ಬಂದವು.

ಇದರ ನಡುವೆ ಮದುವೆ ಮಾತು. ಚಿಕ್ಕಬಳ್ಳಾಪುರದ ಹುಡುಗ, ಸರ್ಕಾರಿ ಕೆಲಸ, ಒಳ್ಳೆಯ ಮನೆತನ. ಮನೆ ನೋಡಲು ಹೊರಟಾಗ ಇವಳೂ ಬರುತ್ತೇನೆಂದು ಹಟ ಹಿಡಿದಳು. ಹೋದವಳು ವಾಡಿಕೆಯಂತೆ ಮನೆಗೆ ಬೆನ್ನು ಹಾಕಿ ನಿಂತಳು. ಅಂಗಳಕ್ಕೆಲ್ಲ ಗೋಡೆಯಿಂದ ಗೋಡೆಗೆ ಸಿಮೆಂಟು. ಹುಡುಗನ ತಾಯಿ ಹೆಮ್ಮೆಯಿಂದ, ತಮ್ಮ ಅಂಗಳದಲ್ಲಿ ಒಂದು ಎಲೆಯೂ ಬೀಳುವುದಿಲ್ಲ ಅಂದರು. ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತದೆಂದು ಇವಳು ಹುಡುಗನನ್ನೇ ಕೇಳಿದಳು. ಪಾಪ, ಅವನು ಸಂಬಳ, ಪಿಂಚಣಿ, ಹವ್ಯಾಸ ಎಲ್ಲಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದ. ಇದೊಂದು ಸಿಲೆಬಸ್ಸಿನಲ್ಲಿರಲಿಲ್ಲ!

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ಒಂದು ಎಲೆ ಬೀಳದ ಮನೇಲಿ ನಾನೇನು ಮಾಡ್ಲಿ, ಅತ್ತಿಗೆ?"

ಮುಂದಿನ ಸೀಟಿನಲ್ಲಿದ್ದ ಮಾವ ತಿರುಗಿ, "ಎಲೆ ನಾನು ದಿನಾ ತಂದು ಹಾಕ್ತೀನಿ. ನೀನು ಒಪ್ಕೋ ಮಗಾ" ಅಂದರು.

ಅವಳು ಒಪ್ಪಲಿಲ್ಲ. ಮಾವ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಒಂದು ಷರತ್ತು ಹಾಕಿದರು. ಯುಗಾದಿಯವರೆಗೆ ನೋಡುವುದು. ಅಷ್ಟರಲ್ಲಿ ಒಂದಾದರೂ ಕೆಲಸ ನೆಲಕ್ಕಿಳಿಯದಿದ್ದರೆ ಬೋರ್ಡು ಇಳಿಸಿ, ಪಾಠ ಮಾಡಲು ಬಾ ಎಂದು ಕರೆಯುತ್ತಿದ್ದ ಅವಳು ಓದಿದ ಕಾಲೇಜಿಗೇ ಹೋಗುವುದು. ಅವಳು ಸರಿ ಅಂದಳು. ಆ ದಿನ ಮೊದಲ ಸಲ ಅವಳು ಊಟ ಮಾಡದೆ ಮಲಗಿದ್ದನ್ನು ನೋಡಿದೆ.

ಯುಗಾದಿಗೆ ಇನ್ನೆರಡು ತಿಂಗಳಿರುವಾಗ ಒಂದು ರೀಲಿಂಗ್ ಯೂನಿಟ್ಟಿನ ಸಾಹೇಬರು ಬಂದರು. ಗೂಡನ್ನು ಬಿಸಿನೀರಲ್ಲಿ ಹಾಕಿ ರೇಷ್ಮೆ ನೂಲು ತೆಗೆಯುವ ಸಣ್ಣ ಕಾರ್ಖಾನೆ ಅವರದು. ಹಿತ್ತಲಲ್ಲಿ ಕೊಳಕು ನೀರು ನಿಂತು ವಾಸನೆ, ಒಂದು ಚರಂಡಿ ಮಾಡಿಕೊಟ್ಟರೆ ಸಾಕು ಅಂದರು. ನೀರು ಎಲ್ಲಿಗೆ ಹೋಗುತ್ತದೆಂದು ಹುಡುಗನನ್ನು ಕೇಳಿದ ಕಥೆ ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಚರಂಡಿಗೆ ಇವಳೇ ಸರಿ ಎಂದು ಯಾರೋ ಹೇಳಿ ಕಳಿಸಿದ್ದರು.

ಮೂರನೆಯ ದಿನ ಸಾಹೇಬರು ನನ್ನ ಶಾಲೆಗೇ ಬಂದರು. "ಟೀಚರಮ್ಮ, ನಿಮ್ಮ ನಾದಿನಿ ಎರಡು ದಿನದಿಂದ ಹಿತ್ತಲ ಗೋಡೆ ನೋಡ್ತಾ ಕೂತವ್ರೆ. ಮೈ ಹುಷಾರಾಗಿದೆ ತಾನೆ?"

ಅವಳು ನೋಡುತ್ತಿದ್ದದ್ದು ಗೋಡೆಯನ್ನಲ್ಲ. ಬಿಸಿನೀರಲ್ಲಿ ಕೈಯಿಟ್ಟು ದುಡಿಯುವ ಹೆಂಗಸರು ಬಿಡುವಿನಲ್ಲಿ ಹಿತ್ತಲಿಗೆ ಬರುತ್ತಿದ್ದರು. ಬೆಳಿಗ್ಗೆ ಗೋಡೆಯ ಬುಡದಲ್ಲಿ ಗೇಣಗಲದ ನೆರಳು. ಅದರಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂರುವರು. ನೆರಳು ಸರಿದಂತೆ ಅವರೂ ಸರಿಯುವರು. ಮಧ್ಯಾಹ್ನಕ್ಕೆ ನೆರಳೇ ಇಲ್ಲ, ಎದ್ದು ಮತ್ತೆ ಆವಿಯೊಳಗೆ ಹೋಗುವರು. ನಾದಿನಿ ಚರಂಡಿಯ ಜೊತೆಗೆ ಒಂದು ಹೊಂಗೆ ಮರ, ಒಂದು ನಲ್ಲಿ, ಉದ್ದನೆಯ ಕಲ್ಲಿನ ಚಪ್ಪಡಿಯನ್ನೂ ಬರೆದಳು. ತಾನು ಕೇಳಿದ್ದು ಚರಂಡಿಯಲ್ಲವೇ ಎಂದು ಸಾಹೇಬರು ತಕರಾರು ತೆಗೆದರು. ಹರಿದ ನೀರನ್ನು ಕುಡಿಯಲು ಏನಾದರೂ ಬೇಕಲ್ಲ ಎಂದು ಇವಳು ವಾದಿಸಿದಳು. ನೀರು ನಿಲ್ಲದಿದ್ದರೆ ಸಾಕು, ಏನಾದರೂ ನೆಟ್ಟುಕೊಳ್ಳಿ ಎಂದು ಅವರು ಕೈಚೆಲ್ಲಿದರು.

ಚಪ್ಪಡಿ ಎಷ್ಟು ಎತ್ತರವಿರಬೇಕು? ಪುಸ್ತಕದಲ್ಲಿ ಅಳತೆ ಇದೆಯಂತೆ. ಇವಳು ಪುಸ್ತಕ ಬಿಟ್ಟು ಇಟ್ಟಿಗೆ ಜೋಡಿಸಿ ಒಬ್ಬೊಬ್ಬ ಹೆಂಗಸನ್ನೂ ಕೂರಿಸಿ, ಏಳಿಸಿ, ಮಂಡಿ ನೋಯುತ್ತದೆಯಾ ಎಂದು ಕೇಳಿ ಬರೆದುಕೊಂಡಳು. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಹೊಂಗೆ ಬೆಳೆಯುವವರೆಗೆ ಇರಲಿ ಎಂದು ಚಪ್ಪಡಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದಳು.

ಯುಗಾದಿ ಕಳೆದ ಮೇಲೆ ಮಾವ ಜಂಗಮಕೋಟೆಯಿಂದ ಬಂದರು. ಒಂದು ಚರಂಡಿಯನ್ನು ಕೆಲಸವೆಂದು ಒಪ್ಪಲು ಅವರು ತಯಾರಿರಲಿಲ್ಲ. ಕೋಣೆಯ ಬೀಗದ ಕೈ ಮಾಲೀಕರಿಗೆ ಒಪ್ಪಿಸಿ, ಮಗಳನ್ನು ಕರೆದುಕೊಂಡು ಹೋಗುವುದೆಂದೇ ಬಂದಿದ್ದರು. ಬೀಗ ಹಾಕಿಸಿ, ಕೈಯನ್ನು ಅವಳಿಂದ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ದಾರಿಯಲ್ಲಿ ಐದು ನಿಮಿಷ ಇಳಿಜಾರು ನೋಡಿಬಿಡುತ್ತೇನೆ ಎಂದು ಇವಳು ಯೂನಿಟ್ಟಿನ ಹಿತ್ತಲಿಗೆ ಹೊಕ್ಕಳು. ನಾನೂ ಮಾವನೂ ಹಿಂದೆ ಹೋದೆವು.

ಮಧ್ಯಾಹ್ನದ ಬಿಡುವು. ಚಪ್ಪಡಿಯ ಮೇಲೆ ಹೆಂಗಸರು ಕಾಲು ಇಳಿಬಿಟ್ಟು ಕೂತಿದ್ದರು. ಬಿಸಿನೀರಲ್ಲಿ ನೆಂದು ಬೆಳ್ಳಗಾದ ಬೆರಳುಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬಿಸಿಲಲ್ಲಿ ನಿಂತ ಮಾವನನ್ನು ಕಂಡು ವಯಸ್ಸಾದ ಒಬ್ಬಾಕೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಕೂತ್ಕಳಪ್ಪ, ನೆರಳದೆ. ಹದಿನೆಂಟು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀನಿ. ನೀನೆಲ್ಲಿ ಕೂತ್ಕತೀಯ ಅಂತ ನನ್ನ ಕೇಳಿದೋಳು ಅಗೋ, ಆ ಹುಡುಗಿ ಒಬ್ಬಳೇ."

ನಾದಿನಿ ಆಚೆ ತುದಿಯಲ್ಲಿ ಚರಂಡಿಗೆ ಬಗ್ಗಿ ಕೈಯಿಂದ ಕಸ ತೆಗೆಯುತ್ತಿದ್ದಳು. ಮಾವ ಕೂತರು. ಬಹಳ ಹೊತ್ತು ಅವಳನ್ನೇ ನೋಡಿದರು.

"ನನ್ನ ಮಗಳು" ಅಂದರು. ಜೇಬಿನಲ್ಲಿದ್ದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟು, ಅವಳಿಗೆ ಕೊಡು ಎಂಬಂತೆ ತಲೆಯಾಡಿಸಿದರು.