ಕಾರ್ಡಿನ ಬೆನ್ನ ಮೇಲಿನ ಮೂರು ಅಂಕಿ

ಟಿಕೋಟಾದ ಬ್ಯಾಂಕಿನಲ್ಲಿ ಮ್ಯಾನೇಜರ್ ಆದಾಗಿನಿಂದ ನನ್ನ ಬಾಯಲ್ಲಿ ಒಂದೇ ಮಂತ್ರ: ಕಾರ್ಡಿನ ಹಿಂದಿರುವ ಮೂರು ಅಂಕಿ ಯಾರಿಗೂ ಹೇಳಬೇಡಿ, ಬ್ಯಾಂಕಿನ ಮ್ಯಾನೇಜರ್ ಕೇಳಿದರೂ ಹೇಳಬೇಡಿ. ಮುಂದಿನ ಉದ್ದ ನಂಬರ್ ಕಳ್ಳನಿಗೆ ಸಿಕ್ಕರೂ, ಹಿಂದಿನ ಈ ಮೂರು ಅಂಕಿ ಇಲ್ಲದೆ ಆನ್‌ಲೈನಿನಲ್ಲಿ ಅವನ ಆಟ ನಡೆಯುವುದು ಕಷ್ಟ. ನಮ್ಮ ಜನ ಹೇಳಿದ್ದನ್ನು ಕೇಳುತ್ತಾರೆ, ಆದರೆ ತಮ್ಮದೇ ರೀತಿಯಲ್ಲಿ ಕೇಳುತ್ತಾರೆ. ಹೀಗಾಗಿ ನನಗೆ ನಗುವಿಗೇನೂ ಬರವಿಲ್ಲ.

ಬ್ಲೇಡಿನ ಕೆಲಸ

ಬಬಲೇಶ್ವರದ ಕಿರಾಣಿ ಅಂಗಡಿಯ ಸಾವಕಾರರಿಗೆ, ಅಂಕಿ ನೆನಪಿಟ್ಟುಕೊಂಡು ಕಾರ್ಡಿನ ಮೇಲಿಂದ ಅಳಿಸಿಬಿಡಿ ಎಂದಿದ್ದೆ. ಮರುವಾರ ಕಾರ್ಡು ತಂದು ತೋರಿಸಿದರು. ಬ್ಲೇಡಿನಿಂದ ಬಹಳ ಚೊಕ್ಕಟವಾಗಿ ಕೆರೆದಿದ್ದರು. ಶಭಾಷ್ ಎನ್ನುವಷ್ಟರಲ್ಲಿ, ಅದೇ ಜಾಗದಲ್ಲಿ ಪೆನ್ನಿನಿಂದ ದಪ್ಪಗೆ ಬರೆದ ನಾಲ್ಕು ಅಂಕಿ ಕಂಡವು. ಇದೇನ್ರಿ ಎಂದು ಕೇಳಿದೆ.

"ಎಟಿಎಮ್ಮಿನ ಪಿನ್ ರೀ. ಜಾಗಾ ಖಾಲಿ ಆಗಿತ್ತು, ಬರದಿಟ್ಟೆ."

ಹೆಸರು ಹೇಳದ ಅಕ್ಕೋರು

ಕನಮಡಿಯ ಒಬ್ಬ ಅಕ್ಕೋರ ಮನೆಗೆ ವಂಚಕನ ಫೋನು ಬಂತು. ಕಾರ್ಡು ಗಂಡನದು, ಗಂಡ ಹೊಲಕ್ಕೆ ಹೋಗಿದ್ದ. ಕಾರ್ಡಿನ ಮೇಲಿನ ಹೆಸರೇನು ಎಂದು ವಂಚಕ ಮೊದಲು ಕೇಳಿದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇವರಲ್ಲಿಲ್ಲ. ಅವನು ಗದರಿಸಿದ, ಬೇಡಿಕೊಂಡ. ಇವರು ನಾಚಿದರೇ ಹೊರತು ಹೇಳಲಿಲ್ಲ. ಕೊನೆಗೆ ಸಾಕಾಗಿ, ಹೆಸರು ಬೇಡ, ಹಿಂದಿನ ಮೂರು ಅಂಕಿಯಾದರೂ ಹೇಳಿ ಎಂದನಂತೆ.

"ಮನ್ಯಾವರ ಹೆಸರೇ ಹೇಳದಾಕಿ, ಅವರ ಅಂಕಿ ಹೇಳ್ತೀನೇನೋ ತಮ್ಮಾ?"

ನನ್ನ ಭಾಷಣಕ್ಕಿಂತ ಅವರ ನಾಚಿಕೆಯೇ ಗಟ್ಟಿಯಾಗಿತ್ತು ನೋಡಿ.

ನಮ್ಮವ್ವ

ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆ. ವರ್ಷದ ದ್ರಾಕ್ಷಿ ಬೆಳೆಯ ರೊಕ್ಕವೆಲ್ಲ ಇರುವುದು ಅವ್ವನ ಖಾತೆಯಲ್ಲಿ. ಒಂದು ಭಾನುವಾರ ನಾನು ಊಟಕ್ಕೆ ಕುಳಿತಿದ್ದಾಗ ಅವಳಿಗೆ ಫೋನು ಬಂತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವಳ ರೂಢಿ. ತಾನು ಟಿಕೋಟಾ ಬ್ಯಾಂಕಿನ ಮ್ಯಾನೇಜರ್, ನಿಮ್ಮ ಕಾರ್ಡು ಬಂದ್ ಆಗುತ್ತದೆ, ಹಿಂದಿನ ಮೂರು ಅಂಕಿ ಬೇಗ ಹೇಳಿ ಎಂದಿತು ಆ ದನಿ. ಎದ್ದು ಫೋನು ಕಸಿಯಲು ಹೋದೆ. ಅವ್ವ ಸುಮ್ಮನೆ ಉಣ್ಣು ಎಂದು ಕೈಸನ್ನೆ ಮಾಡಿದಳು.

"ಮ್ಯಾನೇಜರ್ ಸಾಹೇಬರ, ನಿಮ್ಮ ಊಟ ಆತೇನ್ರಿ?"

ಆಯಿತು ಎಂದ ಅವನು.

"ಸುಳ್ಳ ಹೇಳಬ್ಯಾಡೋ. ಟಿಕೋಟಾ ಮ್ಯಾನೇಜರ್ ನನ್ನ ಮುಂದ ಕುಂತು ಇನ್ನೂ ರೊಟ್ಟಿ ಮುರ್ಯಾಕತ್ತಾನ."

ಫೋನು ಟಕ್ಕನೆ ಕಟ್ಟಾಯಿತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಊರಿಗೆಲ್ಲ ಹೇಳಿದ್ದು ಮನೆಯಲ್ಲೇ ಫಲ ಕೊಟ್ಟಿತ್ತು. ಆ ಖುಷಿಯಲ್ಲಿ, ಅಂಕಿ ನಿನಗೆ ನೆನಪಿದೆಯಲ್ಲ, ಏನು ಹೇಳು ನೋಡೋಣ ಎಂದು ಕೇಳಿಬಿಟ್ಟೆ.

ಅವ್ವ ನನ್ನ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದಳು.

"ಅಂವ ಸುಳ್ಳ ಮ್ಯಾನೇಜರ್, ನೀ ಖರೇ ಮ್ಯಾನೇಜರ್. ಇಬ್ಬರಿಗೂ ಹೇಳಬಾರದಂತ ನೀನೇ ಹೇಳಿಯಲ್ಲೋ. ಸುಮ್ಮ ಉಣ್ಣು."