ತರಂಗಂಬಾಡಿಯ ಗದ್ದಿಗೆ

ರುದ್ರಸ್ವಾಮಿ: ಸಮುದ್ರ ನೋಡಾಯ್ತಲ್ಲ, ಇನ್ನೇನು? ನೀರು ಅದೆ, ಮರಳು ಅದೆ. ನಮ್ಮೂರ ಒಳೇಲೂ ಅವೆರಡೇ ತಾನೇ ಇರದು. ಏಳು, ಸಾಯಂಕಾಲದ ರೈಲಿಗೆ ಓಗವ.

ರತ್ನಮ್ಮ: ಒಳೆ ನೀರು ಇಂಗೆ ಎದ್ದು ಬಂದು ಕಾಲು ಮುಟ್ಟಿ ಓಯ್ತದಾ?

ರುದ್ರಸ್ವಾಮಿ: ಬಂದಂಗೇ ವಾಪಸ್ ಓಯ್ತಾ ಅದಲ್ಲ, ಒಂದು ಗದ್ದೆಗಾದ್ರೂ ಅರಿತದಾ? ಬೆಳಗಿಂದ ಇದೇ ಕಸುಬು. ಯಾವುದೋ ಸರ್ಕಾರಿ ನೌಕರಿ ಇದ್ದಂಗದೆ.

ರತ್ನಮ್ಮ: ಅದ್ರ ಪಾಡಿಗೆ ಅದು ಬಂದು ಓಯ್ತದೆ ಕಣ್ರಿ. ನಿಮ್ಮನ್ನೇನು ತಳ್ಳಕೆ ಕರೀತಾ?

ಮುಳ್ಳೂರಿನ ಶಿವರುದ್ರಸ್ವಾಮಿಯವರು ಹೆಂಡತಿ ಶಿವರತ್ನಮ್ಮನಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟದ್ದು ಮದುವೆಯಾದ ಹೊಸತರಲ್ಲಿ. ಆ ಮಾತು ನಡೆಯುವಷ್ಟರಲ್ಲಿ ಮಗ ಪರಮೇಶನಿಗೂ ಮದುವೆಯಾಗಿ, ಕೊನೆಗೆ ಅವನೇ ಬೇಸತ್ತು ಟಿಕೆಟ್ ತೆಗೆದು ಇಬ್ಬರನ್ನೂ ಮೈಸೂರಿನಲ್ಲಿ ರೈಲು ಹತ್ತಿಸಬೇಕಾಯಿತು. ಊರೇನೋ ಚೆನ್ನಾಗಿತ್ತು. ತರಂಗಂಬಾಡಿ, ತಮಿಳುನಾಡಿನ ಕಡಲತೀರದಲ್ಲಿ ಹಿಂದೆ ಡೆನ್ಮಾರ್ಕಿನವರು ಆಳಿದ ಪುಟ್ಟ ಊರು. ಅಲೆಗಳ ಎದುರಿಗೇ ಅವರ ಕೋಟೆ, ದಪ್ಪ ಕಂಬಗಳ ಬಂಗಲೆಗಳು, ಕಾಗದದ ಹೂವಿನ ಬಳ್ಳಿ ಹಬ್ಬಿದ ಗೋಡೆಗಳು. ರತ್ನಮ್ಮನಿಗೆ ಇದ್ದದ್ದು ಒಂದೇ ಆಸೆ. ಒಂದು ರಾತ್ರಿ ಇಲ್ಲೇ ಉಳಿದು, ಬೆಳಗ್ಗೆ ನೀರಿನೊಳಗಿಂದ ಸೂರ್ಯ ಏಳುವುದನ್ನು ಕಣ್ತುಂಬ ನೋಡಬೇಕು. ಯಜಮಾನರಿಗೂ ಒಂದೇ ಹಠ: ಇವತ್ತೇ ವಾಪಸ್.

ರುದ್ರಸ್ವಾಮಿ: ಮನೇಲಿ ರೇಷ್ಮೆ ಉಳ ಜ್ವರಕ್ಕೆ ಕುಂತವೆ, ನೆಪ್ಪದಾ?

ರತ್ನಮ್ಮ: ಆ ಜ್ವರ ಬಂದು ಪೊರೆ ಬುಡಕೆ ಕುಂತ ಉಳ ಸೊಪ್ಪನ್ನೇ ಮುಟ್ಟಲ್ಲ. ನೀವು ಓಗಿ ಒಂದೊಂದರ ಅಣೆ ಮುಟ್ಟಿ ನೋಡಿ ಕಷಾಯ ಕುಡಿಸ್ಬೇಕಾ?

ರುದ್ರಸ್ವಾಮಿ: ಸೊಸೆ ಒಬ್ಳೇ ಒದ್ದಾಡ್ತಾವ್ಳೆ.

ರತ್ನಮ್ಮ: ಮಾವ ಊರಲ್ಲಿಲ್ಲ ಅಂತ ನೆಮ್ಮದಿಯಾಗವ್ಳೆ. ಅದನ್ಯಾಕೆ ಕೆಡಿಸ್ತೀರಿ?

ರುದ್ರಸ್ವಾಮಿ: ಎಲ್ಲೋದ್ರೂ ಮೀನು ವಾಸ್ನೆ ಕಣೇ. ಲಿಂಗ ಕಟ್ಟಿರೋರು ತಂಗೋ ಊರಾ ಇದು?

ರತ್ನಮ್ಮ: ಮೂಗು ಮುಚ್ಕಳಿ. ಜತೇಲಿ ಬಾಯೂ ಮುಚ್ಚಿದ್ರೆ ಇನ್ನೂ ಒಳ್ಳೇದು.

ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು ಮುಂದೆ ಮುಂದೆ ನಡೆದರು. ಬಂಗಲೆಗಳ ಸಾಲು ಮುಗಿದಲ್ಲಿ ಹಳೆಯ ಕಾಂಪೌಂಡೊಂದು ಸಿಕ್ಕಿತು. ಒಳಗೆ ಎತ್ತರದ ಕಲ್ಲುಕಟ್ಟೆ, ಅದರ ಮೇಲೊಂದು ಸಣ್ಣ ಗೋಪುರ. ರುದ್ರಸ್ವಾಮಿ ತಟ್ಟನೆ ನಿಂತು ಚಪ್ಪಲಿ ಬಿಟ್ಟರು.

ರುದ್ರಸ್ವಾಮಿ: ಗದ್ದಿಗೆ ಕಣೇ. ಯಾರೋ ದೊಡ್ಡ ಶರಣರು ದೇಶಾಂತರ ಬಂದು ಇಲ್ಲಿ ಐಕ್ಯ ಆಗವ್ರೆ.

ಗುರುಗಳ ಸಮಾಧಿ ಕಂಡರೆ ಗದ್ದಿಗೆಯೆಂದು ಪೂಜೆ ಮಾಡದೆ ಮುಂದೆ ಹೋಗುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಕಲ್ಲಿನ ಮೇಲೆ ಕೆತ್ತಿದ್ದ ರೆಕ್ಕೆಯ ಕೂಸೂ ಅದರಡಿಯ ಇಂಗ್ಲಿಷಿನಂಥ ಅಕ್ಷರಗಳೂ ರತ್ನಮ್ಮನ ಕಣ್ಣಿಗೆ ಮೊದಲೇ ಬಿದ್ದಿದ್ದವು. ಆದರೆ ಮಠಮಾನ್ಯಗಳ ವಿಚಾರದಲ್ಲಿ ಅವರ ಮಾತಿಗೆ ಯಾವತ್ತು ಬೆಲೆ ಸಿಕ್ಕಿತ್ತು?

ರತ್ನಮ್ಮ: ಕೂಸಿಗೆ ರೆಕ್ಕೆ ಅವೆಯಲ್ರಿ.

ರುದ್ರಸ್ವಾಮಿ: ಶಿವಗಣ ಅದು. ಕೈಲಾಸಕ್ಕೆ ಕರಕಂಡೋಗಕೆ ಬಂದದೆ. ನಡ್ಕಂಡು ಓಗಕಾದದಾ?

ರತ್ನಮ್ಮ: ಅಕ್ಷರ?

ರುದ್ರಸ್ವಾಮಿ: ಅಳೇ ಕಾಲದ್ದು. ನಿಂಗೆಲ್ಲಿ ಅರ್ಥ ಆದದು? ಕಾಯಿ ತಾ.

ರತ್ನಮ್ಮ ರಸ್ತೆಯ ಅಂಗಡಿಯಿಂದ ಕಾಯಿ ತಂದರು. ಯಜಮಾನರು ಕಲ್ಲಿಗೆ ಮೂರು ಬೆರಳ ವಿಭೂತಿ ಎಳೆದು, ಕಾಯಿ ಒಡೆದು, ಉದ್ದಕ್ಕೆ ಅಡ್ಡಬಿದ್ದರು. ಎದ್ದು ಮಗನಿಗೆ ಫೋನ್ ಮಾಡಿ, ಯಾರ ಕಣ್ಣಿಗೂ ಬೀಳದ ಗದ್ದಿಗೆಯೊಂದು ತಮಗೆ ಕಂಡಿದೆಯೆಂದೂ, ಮಠದ ಸ್ವಾಮಿಗಳಾದ ಬುದ್ಧಿಯವರಿಗೆ ಈಗಲೇ ತಿಳಿಸಬೇಕೆಂದೂ ಅಪ್ಪಣೆ ಕೊಟ್ಟರು.

ರತ್ನಮ್ಮ: ಗದ್ದಿಗೆಗೆ ಕಾಯಿ ಒಡೆದ ಮೇಲೆ ಆ ಊರಲ್ಲಿ ಒಂದು ರಾತ್ರಿ ತಂಗ್ಬೇಕು ಅಂತಿದ್ರು ನಿಮ್ಮವ್ವ. ನಮ್ಮ ಕಡೆ ಬೆಟ್ಟದ ಗದ್ದಿಗೆಗೆ ಓದಾಗ ಯಾವತ್ತಾದ್ರೂ ತಂಗದೆ ಬಂದಿದ್ದೀರಾ?

ರುದ್ರಸ್ವಾಮಿ ತಲೆ ಕೆರೆದುಕೊಂಡರು. ಅವ್ವನ ಮಾತು ಮೀರುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ರುದ್ರಸ್ವಾಮಿ: ತಂಗವ. ಶರಣರಿಗೋಸ್ಕರ ಕಣೇ, ನಿನ್ ಸಮುದ್ರಕ್ಕಲ್ಲ.

ರತ್ನಮ್ಮ: ಶರಣರು ಪುಣ್ಯವಂತರು ಬುಡಿ. ನನ್ ಮಾತು ಇಷ್ಟು ಬೇಗ ಯಾವತ್ತು ನಡೆದಿತ್ತು?

ಅಷ್ಟರಲ್ಲಿ ಕಾವಲುಗಾರ ಬಂದ. ಒಡೆದ ಕಾಯಿಯನ್ನೂ ವಿಭೂತಿಯನ್ನೂ ನೋಡಿ ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಆಮೇಲೆ ಯಜಮಾನರನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಏನೇನೋ ಹೇಳಿ, ನಗು ತಡೆಯಲಾರದೆ ಗೇಟಿನ ಕಡೆ ಓಡಿದ. ರುದ್ರಸ್ವಾಮಿಯವರ ಮುಖ ಇಳಿದುಹೋಯಿತು.

ರತ್ನಮ್ಮ: ಏನಂತೆ?

ರುದ್ರಸ್ವಾಮಿ: ಏನಿಲ್ಲ. ನಡಿ, ರೈಲಿಗೆ ಒತ್ತಾಯ್ತದೆ. ತಂಗದು ಗಿಂಗದು ಏನೂ ಬೇಡ.

ರತ್ನಮ್ಮ: ನನ್ ತವರು ತಮಿಳು ಗಡಿಯ ಅನೂರು ಕಣ್ರಿ. ನಿಮಗಿಂತ ಮೊದ್ಲೇ ನಂಗೆ ತಮಿಳು ಅರ್ಥ ಆಯ್ತದೆ. ಬಿಳಿ ದೊರೆ ಗೋರಿಯಂತೆ. ಸಾರಾಯಿ ಗೋಡೌನಿಗೆ ಯಜಮಾನನಂತೆ. ಗೋಡೌನು ಕಾಯ್ತಾ ಕಾಯ್ತಾ ಕುಡಿದೇ ಸತ್ನಂತೆ.

ರುದ್ರಸ್ವಾಮಿ: ಮೆತ್ತಗೆ ಮಾತಾಡೇ.

ರತ್ನಮ್ಮ: ಪಾಪ, ಅವನಿಗೂ ಗಾಬರಿಯಾಗಿರ್ತದೆ. ಇಷ್ಟು ವರ್ಷದ ಮೇಲೆ ಒಬ್ರು ಬಂದು ಅಡ್ಡಬಿದ್ರು, ಅವ್ರೂ ಕುಡಿಯೋರಲ್ಲ.

ಆಗ ಯಜಮಾನರ ಫೋನು ಬಡಿದುಕೊಂಡಿತು. ಆ ಕಡೆ ಪರಮೇಶ.

ಪರಮೇಶ: ಅಪ್ಪಾಜಿ, ಬುದ್ಧಿಯೋರ ಮುಂದೇ ನಿಂತಿದ್ದೀನಿ. ಯಾವ ಶರಣರ ಗದ್ದಿಗೆ ಅಂತ ಕೇಳ್ತಾವ್ರೆ. ವ್ಯಾನ್ ಮಾಡ್ಕಂಡು ಭಕ್ತರನ್ನೆಲ್ಲ ಕರಕಂಡು ಬತ್ತಾರಂತೆ. ತಡೀರಿ, ಅವ್ರಿಗೇ ಕೊಡ್ತೀನಿ.

ರುದ್ರಸ್ವಾಮಿ ಕೆಂಡ ಮುಟ್ಟಿದವರಂತೆ ಫೋನನ್ನು ಹೆಂಡತಿಯ ಕೈಗೆ ತುರುಕಿದರು.

ರುದ್ರಸ್ವಾಮಿ: ಮಾನ ಓಯ್ತದೆ ಕಣೇ ರತ್ನ. ಏನಾದ್ರೂ ನೆಪ ಏಳಿ ತಪ್ಪಿಸು.

ರತ್ನಮ್ಮ ಫೋನಿಗೆ ಸೆರಗು ಮುಚ್ಚಿದರು.

ರತ್ನಮ್ಮ: ರೈಲಿಗೆ ಒತ್ತಾಯ್ತದೆ ಅಂದ್ರಲ್ಲ?

ರುದ್ರಸ್ವಾಮಿ: ರೈಲೆಲ್ಲಿ ಓಯ್ತದೆ? ನಾಳೆನೂ ಬತ್ತದೆ.

ರತ್ನಮ್ಮ: ಉಳ?

ರುದ್ರಸ್ವಾಮಿ: ಸೊಸೆ ನೋಡ್ಕತ್ತಾಳೆ.

ರತ್ನಮ್ಮ: ಬೆಳಿಗ್ಗೆ ಕತ್ಲಲ್ಲೇ ಎದ್ದು ನನ್ ಜತೆ ಬಂದು ಮರಳಲ್ಲಿ ಕೂರ್ಬೇಕು. ಸರ್ಕಾರಿ ನೌಕರಿ, ಗದ್ದೆ ಅಂತ ಬಾಯಿ ಬುಡಂಗಿಲ್ಲ.

ರುದ್ರಸ್ವಾಮಿ: ಉಸಿರೇ ಬುಡಲ್ಲ. ಮಾತಾಡೇ.

ರತ್ನಮ್ಮ: ಬುದ್ಧಿ, ಅಡ್ಡಬಿದ್ದೆ. ಯಾರ ಗದ್ದಿಗೆ ಅಂತ ಇನ್ನೂ ನಿಕ್ಕಿಯಾಗಿಲ್ಲ ಬುದ್ಧಿ. ಇವತ್ತು ಇಲ್ಲೇ ತಂಗ್ತೀವಿ. ಶರಣರೇ ಆಗಿದ್ರೆ ಇವರ ಕನಸಲ್ಲಿ ಬಂದು ತಾವ್ಯಾರು ಅಂತ ಏಳ್ತಾರೆ. ಅಲ್ಲೀತನಕ ವ್ಯಾನ್ ಮಾಡ್ಬೇಡಿ ಬುದ್ಧಿ.

ಫೋನ್ ಇಟ್ಟರು. ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಆದರೂ ಸಣ್ಣದೊಂದು ಅನುಮಾನ ಉಳಿದಿತ್ತು.

ರುದ್ರಸ್ವಾಮಿ: ಕನಸಲ್ಲಿ ಯಾರೂ ಬರ್ದಿದ್ರೆ?

ರತ್ನಮ್ಮ ಆಗಲೇ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನ ಕಡೆ ಹೊರಟಿದ್ದರು.

ರತ್ನಮ್ಮ: ನಾಳೆ ರಾತ್ರಿನೂ ನೋಡವ ಕಣ್ರಿ. ಕುಡಿದು ಮಲಗಿರೋ ದೊರೆಗೆ ಒಂದೇ ರಾತ್ರೀಲಿ ಎಚ್ಚರ ಆದದಾ?