ಕಾವಿಗೆ ಕೂತ ಭಾವ

ಎಪ್ಪತ್ತು ದಾಟಿದ ಮೇಲೆ ನಮ್ಮ ಭಾವನಿಗೆ ತಾಯಾಗುವ ಆಸೆ ಹುಟ್ಟಿದೆ! ನಗಬೇಡಿ. ಬೊಮ್ಮಸಂದ್ರಕ್ಕೆ ಬಂದು ನೋಡಿ. ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ ಈ ಮನುಷ್ಯ, ಅದರಲ್ಲೊಂದು ಒಳ್ಳೆಯ ರೂಮನ್ನು ಮೊಟ್ಟೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮೀನಿನಂಗಡಿಯಿಂದ ತಂದ ಥರ್ಮಾಕೋಲ್ ಡಬ್ಬ, ಒಳಗೊಂದು ಬಲ್ಬು, ಥರ್ಮಾಮೀಟರು, ಬಟ್ಟಲಲ್ಲಿ ನೀರು. ಇದೇ ಅವರ ಹೆರಿಗೆ ಆಸ್ಪತ್ರೆ. ಅಲ್ಲಿ ಯಾರೂ ಜೋರಾಗಿ ಸೀನುವ ಹಾಗಿಲ್ಲ. ಬಾಡಿಗೆಗಿರುವ ರಾಯಚೂರಿನ ಗಾರೆ ಕೆಲಸದವನು ಒಮ್ಮೆ ಇಣುಕಿ, "ಕಾಕಾ, ನಮ್ಮ ಖೋಲಿಗಿಂತ ಮೊಟ್ಟಿ ಖೋಲೀನ ಛಲೋ ಐತಲ್ರಿ!" ಎಂದ. ಭಾವ ತುಟಿಗೆ ಬೆರಳಿಟ್ಟು, "ಮೆಲ್ಲಗೆ ಕಣಪ್ಪಾ, ಮಲಗವ್ರೆ" ಎಂದರು.

ಮಲಗಿದ್ದೇನೋ ನಿಜ. ಏಳುತ್ತಿರಲಿಲ್ಲ, ಅಷ್ಟೇ!

ಈ ಮೊಟ್ಟೆಗಳ ವಂಶ ಹೇಳಬೇಕು. ಭಾವನ ಹೆಂಡತಿ, ಅಂದರೆ ನಮ್ಮಕ್ಕ, ಬೋಳುಕತ್ತಿನ ನಾಟಿ ಕೋಳಿಗಳನ್ನು ಸಾಕಿದ್ದಳು. ಕಾಲರು ಕಿತ್ತುಹೋದ ಅಂಗಿ ತೊಟ್ಟ ಗುಮಾಸ್ತರ ಹಾಗೆ ಅವು ಹಿತ್ತಿಲಲ್ಲಿ ಓಡಾಡುತ್ತಿದ್ದವು. ಅಕ್ಕ ಹೋದಳು. ಹಿಂದೆಯೇ ಕೋಳಿಗಳೂ ಹೋದವು. ಅವು ಹೇಗೆ ಹೋದವು ಎಂದು ಆಮೇಲೆ ಹೇಳುತ್ತೇನೆ. ಈಗ ಧೈರ್ಯ ಸಾಲದು. ಅಕ್ಕ ಹಿಂದೊಮ್ಮೆ ಮಾದನಾಯಕನಹಳ್ಳಿಯ ನಮ್ಮ ತಂಗಿಗೆ ಕೊಟ್ಟಿದ್ದ ಒಂದು ಹೇಂಟೆ, ಒಂದು ಹುಂಜ ಮಾತ್ರ ಉಳಿದಿದ್ದವು.

"ಅವನ್ನೇ ತಂದ್ಬಿಡೋಣ ಭಾವ" ಎಂದೆ.

"ಹೆಣ್ಣುಮಗಳ ಮಡಿಲಿಗೆ ಹಾಕಿದ್ದನ್ನ ವಾಪಸ್ ಕೇಳ್ತಾರೇನಯ್ಯಾ? ಮೊಟ್ಟೆ ಸಾಕು."

"ಹಂಗಾದ್ರೆ ಬೇರೆ ಕಾವುಕೋಳಿ ಕೊಂಡು ಕೂರಿಸಿ."

"ನಮ್ಮವಳ ಮೊಟ್ಟೆ ಮೇಲೆ ಇನ್ನೊಬ್ಬಳನ್ನ ತಂದು ಕೂರಿಸ್ಲಾ? ಎಂಥಾ ತಮ್ಮನಯ್ಯಾ ನೀನು!"

ಹೀಗೆ ಭಾವನೇ ಕಾವಿಗೆ ಕೂತರು.

ಮೊದಲ ಸಲ ಮೊಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಬದಲಿಸುತ್ತಾ ಇಡೀ ಬೆಂಗಳೂರು ದಾಟಿ ಬಂದರು. ಕಂಡಕ್ಟರು, "ತಾತಾ, ಡಬ್ಬ ಕೆಳಗಿಡಿ" ಎಂದ. "ಒಳಗೆ ಮಕ್ಕಳವ್ರೆ ಕಣಪ್ಪಾ" ಎಂದರು ಭಾವ. "ಅಂಗಾದ್ರೆ ಅವ್ರಿಗೂ ಟಿಕೆಟ್ ತಗೊಳ್ಳಿ!" ಬಂದವರೇ ಕಾಲನ್ನೂ ತೊಳೆಯದೆ ಮೊಟ್ಟೆಗಳನ್ನು ಬಲ್ಬಿನಡಿ ಇಟ್ಟರು. ಒಂದೂ ಮರಿಯಾಗಲಿಲ್ಲ. ಮೊಬೈಲ್ ಟಾರ್ಚು ಹಿಡಿದು ನೋಡಿದರೆ ಒಳಗೆಲ್ಲ ಕಲಕಿಹೋಗಿತ್ತು. ಅಷ್ಟು ಹಳ್ಳ ಹತ್ತಿಳಿದು ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಬಿಡಬೇಕಂತೆ. ಆ ಬಸ್ಸಿನಲ್ಲಿ ಬಂದರೆ ನನಗೇ ಎರಡು ದಿನ ಬೇಕು!

ಎರಡನೆಯ ಸಲ ಶುಚಿತ್ವ ತಲೆಗೇರಿತು. ಮೊಟ್ಟೆಗೆ ಹಿಕ್ಕೆ ಅಂಟಿದೆಯೆಂದು ಪಾತ್ರೆ ಸೋಪಿನಲ್ಲಿ ತಿಕ್ಕಿ ತೊಳೆದರು. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದಿರುತ್ತದೆ, ತೊಳೆದರೆ ಅದು ಹೋಗಿ ಒಳಗೆ ಕೊಳೆ ಸೇರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಒಂದು ಮಧ್ಯಾಹ್ನ ಡಬ್ಬದೊಳಗೆ ಢಬ್ ಎಂದಿತು. ಆ ನಾತಕ್ಕೆ ರಾಯಚೂರಿನವನು ಊರಿಗೆ ಹೋಗಿಬರುತ್ತೇನೆಂದು ಹೊರಟೇಬಿಟ್ಟ!

ಮೂರನೆಯ ಸಲ ಎಲ್ಲ ಸರಿಯಿತ್ತು. ಮರಿಗಳು ಒಳಗಿಂದ ಕುಕ್ಕಿ ಚಿಪ್ಪನ್ನು ತೂತು ಮಾಡಿದವು. ಭಾವನಿಗೆ ತಡೆಯಲಾಗಲಿಲ್ಲ. ಗಳಿಗೆಗೊಮ್ಮೆ ಮುಚ್ಚಳ ತೆಗೆದು, "ಬಂದ್ಯೇನೇ? ಬಾ ತಾಯಿ" ಎನ್ನುತ್ತಿದ್ದರು. ಒಳಗಿನ ಹಸಿಯೆಲ್ಲ ಆರಿತು. ಚಿಪ್ಪಿನೊಳಗಿನ ತೆಳುಪೊರೆ ಒಣಗಿ ಮರಿಗಳಿಗೆ ಅಂಟಿಕೊಂಡಿತು. ಅವು ಕೊಕ್ಕು ಹೊರಗಿಟ್ಟುಕೊಂಡೇ ನಿಂತುಹೋದವು. ಅಂದು ಭಾವ ಊಟ ಮಾಡಲಿಲ್ಲ. ನನಗೂ ನಗು ಬರಲಿಲ್ಲ.

ಈ ಸಲ ಮೊಟ್ಟೆ ತರಲು ನಾನೇ ಹೋದೆ. ಚೀಲವನ್ನು ಕೈಯಲ್ಲಿ ತೂಗುಬಿಟ್ಟುಕೊಂಡು ದಾರಿಯುದ್ದಕ್ಕೂ ನಿಂತೇ ಬಂದೆ. ಕೂತರೆ ಏಟು ಮೊಟ್ಟೆಗೆ, ನಿಂತರೆ ನನ್ನ ಮಂಡಿಗೆ. ಮಂಡಿಗೇ ಬೀಳಲಿ ಎನಿಸಿತು.

ಇವತ್ತು ಬೆಳಿಗ್ಗೆ, ಇಪ್ಪತ್ತೊಂದನೆಯ ದಿನ, ಡಬ್ಬದೊಳಗೆ ಟಿಕ್ ಟಿಕ್ ಎಂದಿತು. ಭಾವನ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ನಾನು ಹಿಡಿದುಕೊಂಡೆ. ಹಿಡಿದ ಕೈ ಬಿಡದೆ ಹೇಳಿಬಿಟ್ಟೆ.

"ಭಾವ, ಅಕ್ಕನ ತಿಥಿ ದಿನ ಊಟಕ್ಕೆ ಸಾಕಾಗಲ್ಲ ಅಂತ ಹಿತ್ತಿಲ ಕೋಳಿ ಹಿಡೀರಿ ಅಂದೋನು ನಾನೇ. ಮಂಕರಿ ಕೆಳಗೆ ಒಂದು ಕಾವಿಗೆ ಕೂತಿತ್ತಲ್ಲ, ಅದನ್ನೂ ಈ ಕೈಯಲ್ಲೇ ಎತ್ತಿ ಅಡುಗೆಯವನಿಗೆ ಕೊಟ್ಟೆ. ಅಕ್ಕನೇ ಕೂರಿಸಿದ್ದ ಕೋಳಿ. ಮೊಟ್ಟೆ ಬೆಚ್ಚಗಿದ್ವು. ಮಂಕರಿ ಕವುಚಿ ಬಂದ್ಬಿಟ್ಟೆ."

ಹೊರಗೆ ಕಂಪನಿ ಬಸ್ಸೊಂದು ಹಾರನ್ ಹೊಡೆಯುತ್ತಾ ಹೋಯಿತು.

"ಗೊತ್ತು ಕಣಯ್ಯಾ" ಎಂದರು ಭಾವ. "ನೀನು ಹೋದ್ಮೇಲೆ ನಾನೂ ಮಂಕರಿ ಎತ್ತಿ ನೋಡ್ದೆ. ಇನ್ನೂ ಬೆಚ್ಚಗೇ ಇದ್ವು. ಪಂಚೇಲಿ ಸುತ್ತಿ ಎದೆಗಿಟ್ಕೊಂಡಿದ್ರೂ ಆಗ್ತಿತ್ತು. ಜನ ಏನಂದಾರು ಅಂತ ನಾನೂ ಕವುಚಿ ಬಂದೆ."

ಆಮೇಲೆ ಅವರು ಡಬ್ಬದ ಗಾಳಿಕಿಂಡಿಗೆ ಬಾಯಿಟ್ಟು, ಸಂಜೆ ಹೊತ್ತು ಅಕ್ಕ ಹಿತ್ತಿಲಲ್ಲಿ ನಿಂತು ಕರೆಯುತ್ತಿದ್ದ ಅದೇ ರಾಗದಲ್ಲಿ, "ಬಾ... ಬಾ ಬಾ ಬಾ..." ಎಂದರು. ಮುದುಕನ ಒಡಕು ಗಂಟಲಿನಲ್ಲಿ ನಮ್ಮಕ್ಕ ಕರೆದಳು.

ಒಳಗಿಂದ ಚಿಂವ್ ಎಂದಿತು.

ಇಬ್ಬರೂ ಮುಚ್ಚಳದ ಮೇಲೆ ಕೈ ಒತ್ತಿಕೊಂಡು ಕೂತಿದ್ದೇವೆ.